ಕಣ್ಣು ನೋಡಿ ಹಗಲಿನ ಪ್ರಾಣಿಯೋ ಇರುಳಿನದ್ದೋ ಗುರುತಿಸುವುದು ಹೇಗೆ? ಅಂಗಳದಿಂದಲೇ ಶುರು ಮಾಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ನಡುವೆ ನಮ್ಮ ಮನೆ. ರಾತ್ರಿ ಪಂಪ್ ನಿಲ್ಲಿಸಲು ಹೆಡ್‌ಲೈಟ್ ಕಟ್ಟಿಕೊಂಡು ತೋಟಕ್ಕಿಳಿದರೆ ಅಲ್ಲಲ್ಲಿ ಕಣ್ಣುಗಳು ಹೊಳೆಯುತ್ತವೆ. ಹುಲ್ಲಿನಲ್ಲಿ ಇಬ್ಬನಿ ಹನಿಯಂಥ ಚುಕ್ಕಿಗಳು. ಹಲಸಿನ ಕೊಂಬೆಯಲ್ಲಿ ಕೆಂಡದಂಥ ಒಂದು ಜೋಡಿ. ಹಟ್ಟಿಯ ಕಡೆಯಿಂದ ನೀಲಿ-ಹಸಿರು ಜೋಡಿ. ಬೆಳಗ್ಗೆ ಅಡಕೆ ಹೆಕ್ಕಲು ಅದೇ ದಾರಿಯಲ್ಲಿ ಹೋದರೆ ಈ ಕಣ್ಣುಗಳು ಯಾವುವೂ ಇಲ್ಲ. ಅಳಿಲು ಓಡುತ್ತಿರುತ್ತದೆ, ಓತಿ ಬೇಲಿಯ ಮೇಲೆ ಕೂತು ತಲೆ ಆಡಿಸುತ್ತಿರುತ್ತದೆ, ಕಟ್ಟಪುಣಿಯಲ್ಲಿ ಮುಂಗುಸಿ ಸರಕ್ಕನೆ ದಾಟುತ್ತದೆ. ಒಂದೇ ತೋಟ, ಎರಡು ಪಾಳಿ.

ಕಳೆದ ರಜೆಯಲ್ಲಿ ಅಣ್ಣನ ಮಗಳು ನನ್ನ ಜೊತೆ ಬಂದಿದ್ದಳು. "ಅಪ್ಪಚ್ಚಿ, ಕಣ್ಣು ನೋಡಿರೆ ಇದು ಇರುಳು ತಿರುಗುವ ಪ್ರಾಣಿ ಹೇಳಿ ಗೊಂತಕ್ಕೋ?" ಅಂತ ಕೇಳಿದಳು. ಗೊತ್ತಾಗುತ್ತದೆ, ಆದರೆ ಒಂದೇ ಗುರುತು ಹಿಡಿದುಕೊಂಡು ಹೊರಟರೆ ತಪ್ಪುತ್ತೇವೆ ಅಂದೆ. ಆಮೇಲೆ ಇಬ್ಬರೂ ಹದಿನೈದು ದಿನ ಒಂದೊಂದೇ ಪ್ರಾಣಿಯನ್ನು ನೋಡುತ್ತಾ ಹೋದೆವು. ಆ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಮಾಡಬಹುದು. ಬೇಕಾದದ್ದು ಒಂದು ಸಾಧಾರಣ ಟಾರ್ಚು, ಝೂಮ್ ಆಗುವ ಮೊಬೈಲು, ಒಂದು ನೋಟ್‌ಬುಕ್ಕು, ಮತ್ತೆ ಸ್ವಲ್ಪ ತಾಳ್ಮೆ.

ಒಂದು ಪದ ಮೊದಲೇ ಹೇಳಿಬಿಡುತ್ತೇನೆ. ಕಣ್ಣಿನ ನಡುವಿನ ಕಪ್ಪು ಭಾಗಕ್ಕೆ ಪಾಪೆ ಅನ್ನುತ್ತೇವಲ್ಲ, ಅದು ವಸ್ತು ಅಲ್ಲ, ಒಂದು ತೂತು. ಬೆಳಕು ಒಳಗೆ ಹೋಗುವ ಕಿಂಡಿ. ಸುತ್ತಲಿರುವ ಬಣ್ಣದ ಬಳೆ ಆ ಕಿಂಡಿಯನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಸುಲಭ.

ಮೊದಲು ಮನೆಯ ಪುಚ್ಚೆ

ಬೆಕ್ಕಿನಿಂದ ಶುರು ಮಾಡಿ. ಮಧ್ಯಾಹ್ನ ಜಗಲಿಯ ಬಿಸಿಲಲ್ಲಿ ಮಲಗಿರುವಾಗ ಹತ್ತಿರ ಕೂತು ನೋಡಿ. ಪಾಪೆ ನೆಟ್ಟಗೆ ನಿಲ್ಲಿಸಿದ ದರ್ಭೆಯ ಎಸಳಿನಷ್ಟು ತೆಳ್ಳಗೆ ಇರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ನೋಡಿ, ಬಾದಾಮಿಯಷ್ಟು ಅಗಲವಾಗಿರುತ್ತದೆ. ರಾತ್ರಿ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ನೋಡಿದರೆ ಪೂರ್ತಿ ಗುಂಡು, ಕಣ್ಣಿನ ಬಣ್ಣವೇ ಕಾಣಿಸದಷ್ಟು ಕಪ್ಪು. ಮೂರು ಹೊತ್ತೂ ಒಂದೊಂದು ಫೋಟೋ ತೆಗೆದು ಸಾಲಾಗಿ ಇಟ್ಟು ನೋಡಿ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಈಗ ಕನ್ನಡಿ ಮುಂದೆ ನಿಂತು ನಿಮ್ಮ ಕಣ್ಣನ್ನೇ ನೋಡಿಕೊಳ್ಳಿ. ನಮ್ಮ ಪಾಪೆ ಯಾವಾಗಲೂ ಗುಂಡಗೆ. ಕುಗ್ಗಿದಾಗ ಸುಮಾರು 2 ಮಿಲಿಮೀಟರ್, ಪೂರ್ತಿ ಹಿಗ್ಗಿದಾಗ 8 ಮಿಲಿಮೀಟರ್ ಆಸುಪಾಸು. ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು 15 ಪಟ್ಟು ವ್ಯತ್ಯಾಸ. ಬೆಕ್ಕಿನದ್ದು 135 ಪಟ್ಟು. ಇದು ಹೇಗೆ ಸಾಧ್ಯ ಅಂದರೆ, ಗುಂಡು ಪಾಪೆಯನ್ನು ಚೀಲದ ಬಾಯಿಗೆ ದಾರ ಎಳೆದ ಹಾಗೆ ಸುತ್ತಲಿಂದ ಬಿಗಿಯಬೇಕು, ಅದಕ್ಕೊಂದು ಮಿತಿ ಇದೆ. ಸೀಳು ಪಾಪೆಯಲ್ಲಿ ಎರಡೂ ಬದಿಯಿಂದ ಬಾಗಿಲು ಎಳೆದ ಹಾಗೆ ಮುಚ್ಚುವ ಸ್ನಾಯುಗಳು ಬೇರೆ ಇವೆ, ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳಬಹುದು.

ಇದರ ಅರ್ಥ ಏನು? ರಾತ್ರಿಗೆಂದೇ ಮಾಡಿದ ಸೂಕ್ಷ್ಮ ಕಣ್ಣು ಇಟ್ಟುಕೊಂಡು ಹಗಲೂ ಓಡಾಡಬೇಕು ಅಂದರೆ ಬಿಸಿಲಿಗೆ ಬಲವಾದ ಬಾಗಿಲು ಬೇಕು. ಸೀಳು ಪಾಪೆ ಆ ಬಾಗಿಲು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆಯುವಾಗ "ಸೀಳು ಪಾಪೆ, ಆದ್ದರಿಂದ ರಾತ್ರಿ ಪ್ರಾಣಿ" ಅಂತ ಬರೆಯಬೇಡಿ. "ಸೀಳು ಪಾಪೆ, ರಾತ್ರಿಯೂ ಆಗುತ್ತದೆ ಹಗಲೂ ತಡೆದುಕೊಳ್ಳುತ್ತದೆ" ಅಂತ ಬರೆಯಿರಿ. ಬೆಕ್ಕು ಬಿಸಿಲು ಕಾಯಿಸುವುದನ್ನು ನಾವೆಲ್ಲ ನೋಡಿದವರೇ, ಅಲ್ವಾ?

ಒಂದು ಎಚ್ಚರಿಕೆ. ಬೆಕ್ಕು ಹೆದರಿದಾಗ, ಆಡುವಾಗ, ಇಲಿಯ ಮೇಲೆ ಹಾರಲು ಸಿದ್ಧವಾದಾಗ ಬೆಳಕು ಎಷ್ಟೇ ಇರಲಿ ಪಾಪೆ ಹಿಗ್ಗುತ್ತದೆ. ಸುಮ್ನೆ ಮಲಗಿರುವಾಗ ನೋಡಿದ್ದು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಟ್ಯೂಬ್‌ಲೈಟಿನ ಹಲ್ಲಿ

ಸಂಜೆ ಚಾವಡಿಯ ಟ್ಯೂಬ್‌ಲೈಟ್ ಹತ್ತಿರ ಹಲ್ಲಿ ಬಂದು ಕೂರುತ್ತದಲ್ಲ, ಅದನ್ನು ಮೊಬೈಲಿನಲ್ಲಿ ಝೂಮ್ ಮಾಡಿ. ಪಾಪೆ ನೆಟ್ಟಗಿನ ಸೀಳು. ಆದರೆ ಬೆಕ್ಕಿನ ಹಾಗೆ ನುಣುಪಾದ ಅಂಚಲ್ಲ, ಅಂಚು ಕಚ್ಚುಕಚ್ಚಾಗಿ ಇರುತ್ತದೆ. ಬೆಳಕು ಜೋರಾದಾಗ ಈ ಅಂಚುಗಳು ಒಂದಕ್ಕೊಂದು ಕೂಡಿಕೊಂಡು ನಡುವೆ ಸೂಜಿಮೊನೆಯಷ್ಟು ತೂತುಗಳು ಮಾತ್ರ ಉಳಿಯುತ್ತವೆ. ಅದೇ ಹಲ್ಲಿ ಫೋಟೋ ಫ್ರೇಮಿನ ಹಿಂದಿನ ನೆರಳಿಗೆ ಸರಿದರೆ ಪಾಪೆ ಅಗಲವಾಗುತ್ತದೆ. ಅದಕ್ಕೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಲು ಆಗುವುದಿಲ್ಲ. ಧೂಳು ಕೂತರೆ ನಾಲಗೆ ಚಾಚಿ ಕಣ್ಣನ್ನೇ ನೆಕ್ಕಿಕೊಳ್ಳುತ್ತದೆ. ಕಾದು ಕೂತರೆ ಅದೂ ನೋಡಲು ಸಿಗುತ್ತದೆ, ನಮಗೆ ಮೂರನೇ ದಿನ ಸಿಕ್ಕಿತು.

ಹಲ್ಲಿಯ ಕಣ್ಣಿನ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಕತ್ತಲೆಯಲ್ಲಿ ನಮಗೆ ಬಣ್ಣ ಕಾಣಿಸುವುದಿಲ್ಲ. ಬೆಳದಿಂಗಳಿನಲ್ಲಿ ಕೆಂಪು ದಾಸವಾಳವೂ ಬೂದು, ಎಲೆಯೂ ಬೂದು. ಆದರೆ ಆಫ್ರಿಕಾದ ಒಂದು ಜಾತಿಯ ಹಲ್ಲಿಯನ್ನು ಪರೀಕ್ಷಿಸಿದವರು 2004ರಲ್ಲಿ ತಿಳಿಸಿದ್ದು ಏನೆಂದರೆ, ಮಂದ ಬೆಳಕಿನಲ್ಲಿ ಬಣ್ಣ ನೋಡುವ ವಿಷಯದಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮ. ಹಲ್ಲಿಗಳ ಪೂರ್ವಜರು ಹಗಲಿನ ಜೀವಿಗಳಾಗಿದ್ದವು, ಬಣ್ಣ ನೋಡುವ ಶಂಕು ಕೋಶಗಳು ಮಾತ್ರ ಉಳಿದಿದ್ದವು. ರಾತ್ರಿಗೆ ಇಳಿದ ಮೇಲೆ ಆ ಕೋಶಗಳನ್ನೇ ಕತ್ತಲೆಗೆ ಒಗ್ಗಿಸಿಕೊಂಡವು. ಹಳೆಯ ಮನೆಯನ್ನೇ ಸರಿಮಾಡಿಕೊಂಡು ಸಂಸಾರ ಸಾಗಿಸಿದ ಹಾಗೆ.

ಹಲ್ಲಿಯನ್ನು ನೋಡಿದ ಮರುದಿನ ಬೆಳಗ್ಗೆ ಓತಿಯನ್ನು ನೋಡಿ. ಗುಂಡು ಪಾಪೆ, ಸಣ್ಣದು, ದೊಡ್ಡದಾಗಿ ಬದಲಾಗುವುದೂ ಇಲ್ಲ. ಪೂರಾ ಹಗಲಿನ ಜೀವಿ. ನಮ್ಮ ಘಟ್ಟದ ಬದಿಯ ಕಾಡು, ಬಂಡೆಗಳಲ್ಲಿ ಹಗಲು ಓಡಾಡುವ ಪುಟ್ಟ ಹಲ್ಲಿಗಳೂ ಇವೆ, ಅವುಗಳ ಪಾಪೆಯೂ ಗುಂಡಗೇ. ಹಲ್ಲಿಗಳಲ್ಲಿ ಮಾತ್ರ ಪಾಪೆಯ ಆಕಾರ ನೋಡಿ ಪಾಳಿ ಹೇಳಿದರೆ ಬಹುತೇಕ ಸರಿಯಾಗುತ್ತದೆ.

ಆಡಿನ ಕಣ್ಣು: ಇಲ್ಲಿ ನಿಧಾನ ಮಾಡಿ

ಆಡು ಸಾಕಿದವರ ಮನೆಗೆ ಹೋಗಿ ಅರ್ಧ ಗಂಟೆ ಕೂರಿ. ದನ ಆದರೂ ಆದೀತು, ಆದರೆ ದನದ ಕಣ್ಣಿನ ಬಳೆ ಗಾಢ ಕಂದು, ಪಾಪೆ ಬೇರೆ ಮಾಡಿ ಕಾಣುವುದು ಕಷ್ಟ. ಸಂಜೆಯ ಓರೆ ಬಿಸಿಲು ಕಣ್ಣಿಗೆ ಬಿದ್ದಾಗ ಬದಿಯಿಂದ ನೋಡಿದರೆ ಮಾತ್ರ ತಿಳಿಯುತ್ತದೆ. ಆಡಿನ ಕಣ್ಣು ಹಳದಿ, ಪಾಪೆ ಸ್ಪಷ್ಟ. ಮಲಗಿಸಿದ ಬೆಂಕಿಪೊಟ್ಟಣದ ಹಾಗೆ ಅಡ್ಡಕ್ಕೆ ಉದ್ದ.

ಈಗ ಮುಖ್ಯವಾದದ್ದನ್ನು ಗಮನಿಸಿ. ಆಡು ತಲೆ ಎತ್ತಿ ನಿಮ್ಮನ್ನು ನೋಡುವಾಗ ಪಾಪೆ ನೆಲಕ್ಕೆ ಸಮಾನವಾಗಿ ಅಡ್ಡ ಇರುತ್ತದೆ. ಹಲಸಿನ ಸೊಪ್ಪು ನೆಲಕ್ಕೆ ಹಾಕಿ. ಅದು ತಲೆ ಬಗ್ಗಿಸಿ ತಿನ್ನಲು ಶುರು ಮಾಡಿದಾಗ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮತ್ತೆ ಕಣ್ಣು ನೋಡಿ. ತಲೆ ಕೆಳಗಾಗಿದೆ, ಮೂತಿ ನೆಲಕ್ಕಿದೆ, ಆದರೆ ಪಾಪೆ? ಈಗಲೂ ನೆಲಕ್ಕೆ ಸಮಾನವಾಗಿಯೇ ಇದೆ. ಕಣ್ಣುಗುಡ್ಡೆಯೇ ಒಳಗೆ ತಿರುಗಿದೆ, 50 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ. ಎರಡೂ ಕಣ್ಣು ಎದುರುಬದುರು ದಿಕ್ಕಿಗೆ. ಅಣ್ಣನ ಮಗಳು ಇದನ್ನು ನೋಡಿ ಆಡಿನ ತಲೆಯನ್ನು ಹತ್ತು ಸಲ ಎತ್ತಿಸಿ ಇಳಿಸಿ ಮಾಡಿದಳು, ಪ್ರತಿ ಸಲವೂ ಮಟ್ಟಗೋಲಿನ ಗುಳ್ಳೆಯ ಹಾಗೆ ಪಾಪೆ ಅಡ್ಡಕ್ಕೇ ಬಂದು ನಿಂತಿತು.

ಯಾಕೆ ಹೀಗೆ? 2015ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು ನೆಲದ ಮೇಲೆ ಬದುಕುವ 214 ಜಾತಿಯ ಪ್ರಾಣಿಗಳ ಪಾಪೆಯನ್ನು ಹೋಲಿಸಿ ನೋಡಿದರು. ಅಡ್ಡ ಪಾಪೆ ಇರುವವು ಹೆಚ್ಚಾಗಿ ಸೊಪ್ಪು-ಹುಲ್ಲು ತಿನ್ನುವ, ಬೇರೆಯವರಿಗೆ ಆಹಾರವಾಗುವ, ಕಣ್ಣು ತಲೆಯ ಎರಡು ಬದಿಗೆ ಇರುವ ಪ್ರಾಣಿಗಳು. ಅಡ್ಡ ಕಿಂಡಿಯಿಂದ ನೆಲದುದ್ದಕ್ಕೂ, ಮುಂದೆಯಿಂದ ಹಿಂದಿನವರೆಗೆ ಕಾಣುತ್ತದೆ. ಮೇಲಿನ ಬಿಸಿಲಿನ ಝಳ ಒಳಗೆ ಬರುವುದು ಕಡಿಮೆ. ನರಿಯೋ ನಾಯಿಯೋ ಯಾವ ದಿಕ್ಕಿನಿಂದ ಬಂದರೂ ಗೊತ್ತಾಗಬೇಕು, ಮೇಯುವಾಗಲೂ ಗೊತ್ತಾಗಬೇಕು.

ನೆಟ್ಟಗಿನ ಸೀಳು ಇರುವವು ಹೊಂಚು ಹಾಕಿ ಹಾರುವ ಬೇಟೆಗಾರರು, ಹಗಲೂ ರಾತ್ರಿಯೂ ಚುರುಕಾಗಿರುವವು, ಅದರಲ್ಲೂ ಕುಳ್ಳಗಿನವು. ಮುಂದಕ್ಕೆ ನೋಡುವ ಕಣ್ಣಿನ ಹೊಂಚುಬೇಟೆಗಾರರು 65 ಜಾತಿ ಇದ್ದವು, ಅದರಲ್ಲಿ 44ಕ್ಕೆ ನೆಟ್ಟಗಿನ ಸೀಳು, ಆ 44ರಲ್ಲಿ 36ರ ಹೆಗಲಿನ ಎತ್ತರ 42 ಸೆಂಟಿಮೀಟರಿಗಿಂತ ಕಡಿಮೆ. ನೆಲಕ್ಕೆ ಹತ್ತಿರ ಇರುವ ಕಣ್ಣಿಗೆ ಬೇಟೆ ಎಷ್ಟು ದೂರದಲ್ಲಿದೆ ಅಂತ ಅಳೆಯಲು ಈ ಸೀಳು ಒಳ್ಳೆಯ ಸಹಾಯ ಮಾಡುತ್ತದೆ. ಈಗ ಗೊತ್ತಾಯಿತಲ್ಲ, ಚಿರತೆಯೂ ಹುಲಿಯೂ ಬೆಕ್ಕಿನ ಬಳಗವೇ ಆದರೂ, ರಾತ್ರಿ ಬೇಟೆಯಾಡಿದರೂ, ಅವುಗಳ ಪಾಪೆ ಯಾಕೆ ಗುಂಡಗೆ ಅಂತ. ಅವು ಎತ್ತರದ ಪ್ರಾಣಿಗಳು.

ಅಂದರೆ ಪಾಪೆಯ ಆಕಾರ ಮೊದಲು ಹೇಳುವುದು ಆ ಪ್ರಾಣಿಯ ಬದುಕುವ ರೀತಿಯನ್ನು: ಹೊಂಚು ಹಾಕುತ್ತದಾ, ಓಡಿಸಿ ಹಿಡಿಯುತ್ತದಾ, ತಾನೇ ಓಡಿ ತಪ್ಪಿಸಿಕೊಳ್ಳುತ್ತದಾ. ಹಗಲು-ರಾತ್ರಿಯ ಸುಳಿವು ಅದರ ಹಿಂದೆ ಬರುತ್ತದೆ. ನಾನು ಈ ಲೇಖನ ಬರೆಯಲು ಕೂತದ್ದೇ ಈ ಒಂದು ಮಾತು ಹೇಳಲು. "ಸೀಳು ಅಂದರೆ ರಾತ್ರಿ, ಗುಂಡು ಅಂದರೆ ಹಗಲು" ಅಂತ ಮಕ್ಕಳಿಗೆ ಒಂದೇ ಗೆರೆಯಲ್ಲಿ ಹೇಳಿಕೊಡುವುದನ್ನು ತುಂಬ ಕಡೆ ನೋಡಿದ್ದೇನೆ, ಅದು ಸರಿಯಲ್ಲ.

ಹೊಂಚಿನ ಮಾತು ಬಂದಾಗ ನಮ್ಮೂರಿನವರಿಗೆ ಅನಂತಪುರದ ಬಬಿಯಾ ನೆನಪಾಗದೆ ಇರದು. ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದಲ್ಲಿದ್ದ ಆ ಮೊಸಳೆ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಅದರ ಹಗಲಿನ ಫೋಟೋ ನಿಮ್ಮ ಮೊಬೈಲಿನಲ್ಲಿ ಇದ್ದರೆ ಈಗ ತೆಗೆದು ಕಣ್ಣು ನೋಡಿ. ಮೊಸಳೆಗಳ ಪಾಪೆ ಬೆಕ್ಕಿನ ಹಾಗೆ ನೆಟ್ಟಗಿನ ಸೀಳು. ನೀರಿನ ಮಟ್ಟದಲ್ಲಿ ಕಣ್ಣಿಟ್ಟು ಅಲ್ಲಾಡದೆ ಕಾಯುವ ಜಾತಿ ಅಲ್ವಾ. ನೈವೇದ್ಯದ ಅನ್ನ ತಿಂದುಕೊಂಡು ಶಾಂತವಾಗಿದ್ದ ಬಬಿಯಾನ ಕಣ್ಣೂ ಅದೇ ಜಾತಿಯ ಕಣ್ಣು. ನಾನು ಚಿಕ್ಕವನಿದ್ದಾಗ ಅಮ್ಮನ ಕೈ ಹಿಡಿದು ಅದು ಮೇಲೆ ಬರುವುದನ್ನು ಕಾದಿದ್ದೇನೆ, ಆಗ ಕಣ್ಣು ಗಮನಿಸಲು ಗೊತ್ತಿರಲಿಲ್ಲ.

ಪಾಪೆ ಆಯಿತು, ಈಗ ಇಡೀ ಕಣ್ಣು

ಪ್ರಾಣಿಯನ್ನು ಬದಿಯಿಂದ ನೋಡಿ. ಕಣ್ಣಿನ ಮುಂದೆ ಕೈಗಡಿಯಾರದ ಗಾಜಿನಂಥ ಒಂದು ಪಾರದರ್ಶಕ ಗುಮ್ಮಟ ಇರುತ್ತದೆ, ಕಾರ್ನಿಯಾ ಅಂತಾರೆ. ಬೆಕ್ಕನ್ನು ಕಿಟಕಿಯ ಹತ್ತಿರ ಕೂರಿಸಿ ಪಕ್ಕದಿಂದ ನೋಡಿದರೆ ಈ ಗುಮ್ಮಟ ಎಷ್ಟು ದೊಡ್ಡದು ಅಂತ ಆಶ್ಚರ್ಯವಾಗುತ್ತದೆ, ಕಣ್ಣಿನ ಮುಂಭಾಗ ಪೂರ್ತಿ ಅದೇ. ನಮ್ಮ ಕಣ್ಣಿನಲ್ಲಿ ಅದು ಸಣ್ಣದು, ಸುತ್ತ ಬಿಳಿ ಭಾಗವೇ ಜಾಸ್ತಿ. ಕಣ್ಣುಗುಡ್ಡೆಯ ಆಳಕ್ಕೆ ಹೋಲಿಸಿದರೆ ಕಾರ್ನಿಯಾ ಅಗಲವಾದಷ್ಟೂ ಜಾಸ್ತಿ ಬೆಳಕು ಒಳಗೆ ಬರುತ್ತದೆ, ಅದು ರಾತ್ರಿಗೆ ಒಳ್ಳೆಯದು. ಆಳ ಜಾಸ್ತಿ ಆದಷ್ಟೂ ಒಳಗೆ ಬೀಳುವ ಚಿತ್ರ ದೊಡ್ಡದು, ಬೆಳಕು ಚೆನ್ನಾಗಿರುವ ಹಗಲಿನಲ್ಲಿ ಸ್ಪಷ್ಟವಾಗಿ ಕಾಣಲು ಅದು ಒಳ್ಳೆಯದು. ಹಕ್ಕಿಗಳಲ್ಲಿ, ಓತಿ-ಹಲ್ಲಿಗಳಲ್ಲಿ ಈ ಅಳತೆ ಹಿಡಿದು ಹಗಲಿನದ್ದೋ ರಾತ್ರಿಯದ್ದೋ ಹೇಳುವುದು ಸಾಕಷ್ಟು ಸಾಧ್ಯ.

ಆದರೆ ಸಸ್ತನಿಗಳಲ್ಲಿ ಒಂದು ವಿಚಿತ್ರ ಇದೆ. 2012ರಲ್ಲಿ 266 ಜಾತಿಯ ಸಸ್ತನಿಗಳ ಕಣ್ಣಿನ ಅಳತೆ ಹೋಲಿಸಿದಾಗ ಕಂಡದ್ದು, ಹಗಲು ತಿರುಗುವವುಗಳಲ್ಲೂ ಬಹುತೇಕ ಎಲ್ಲದಕ್ಕೂ ರಾತ್ರಿ ಜೀವಿಗಳ ಅಚ್ಚಿನ ಕಣ್ಣೇ ಇದೆ. ಮಂಗಗಳು ಮತ್ತು ಮನುಷ್ಯರ ಬಳಗ ಮಾತ್ರ ಬೇರೆ. ಡೈನೊಸಾರುಗಳು ಹಗಲನ್ನು ಆಳುತ್ತಿದ್ದ ಕಾಲದಲ್ಲಿ ನಮ್ಮೆಲ್ಲರ ಪೂರ್ವಜರಾದ ಪುಟ್ಟ ಸಸ್ತನಿಗಳು ಕೋಟಿಗಟ್ಟಲೆ ವರ್ಷ ಕತ್ತಲೆಯಲ್ಲೇ ಬದುಕಿ ಉಳಿದವು ಅನ್ನುವ ವಿಚಾರವನ್ನು ಗೋರ್ಡನ್ ವಾಲ್ಸ್ ಎಂಬ ವಿಜ್ಞಾನಿ 1942ರಲ್ಲೇ ಮುಂದಿಟ್ಟಿದ್ದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರುಗಳು ಹೋದವು, ಆದರೆ ಕಣ್ಣಿನ ಅಚ್ಚು ಉಳಿಯಿತು. ಹಟ್ಟಿಯಲ್ಲಿ ಕಟ್ಟಿದ ನಮ್ಮ ಕಾಸರಗೋಡು ಗಿಡ್ಡ ದನ ಹಗಲಿಡೀ ಗುಡ್ಡೆಯಲ್ಲಿ ಮೇಯುತ್ತದೆ, ರಾತ್ರಿ ಅದರ ಕಣ್ಣಿಗೆ ಬೆಳಕು ಬಿಟ್ಟರೆ ಆ ಹಳೆಯ ಕಾಲ ಹೊಳೆಯುತ್ತದೆ. ಈ ಮಾತು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ತಲೆಗೆ ಹೋಲಿಸಿದರೆ ಕಣ್ಣು ಎಷ್ಟು ದೊಡ್ಡದು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಕಾಡುಪಾಪನ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನಿದೆ? ಗೂಬೆಯ ಕಣ್ಣು ಎಷ್ಟು ದೊಡ್ಡದೆಂದರೆ ಅದು ಗುಂಡಗೂ ಇಲ್ಲ, ಕೊಳವೆಯ ಹಾಗೆ ಉದ್ದ. ತಲೆಬುರುಡೆಯಲ್ಲಿ ಭದ್ರವಾಗಿ ಕೂತಿರುವುದರಿಂದ ತಿರುಗಿಸಲು ಆಗುವುದಿಲ್ಲ, ಹಾಗಾಗಿ ಕುತ್ತಿಗೆಯನ್ನೇ 270 ಡಿಗ್ರಿವರೆಗೆ ತಿರುಗಿಸುತ್ತದೆ. ನಮಗೆ ಕುತ್ತಿಗೆಯಲ್ಲಿ 7 ಮೂಳೆ, ಅದಕ್ಕೆ 14.

ದೊಡ್ಡ ಕಣ್ಣು ಅಂದರೆ ರಾತ್ರಿ ಅಂತ ಆಯಿತು. ಸಣ್ಣ ಕಣ್ಣು ಅಂದರೆ ಹಗಲಾ? ಅಲ್ಲ. ಇಲ್ಲಿ ಸುರಂಗಕ್ಕೆ ಬನ್ನಿ. ನಮ್ಮ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗಗಳು ಎಷ್ಟೋ ಮನೆಗಳಲ್ಲಿವೆ, ಹಳೆಯ ಸುರಂಗದ ಬಾಯಲ್ಲಿ ಮುಸ್ಸಂಜೆ ನಿಂತರೆ ಕೀಟ ತಿನ್ನುವ ಸಣ್ಣ ಬಾವಲಿಗಳು ಕಿವಿಯ ಪಕ್ಕದಲ್ಲೇ ಹಾರಿ ಹೋಗುತ್ತವೆ. ಅವುಗಳ ಕಣ್ಣು ಸಾಸಿವೆ ಕಾಳಿನ ಹಾಗೆ. ಅಪ್ಪಟ ರಾತ್ರಿ ಜೀವಿಗಳು, ಆದರೆ ದಾರಿ ಹುಡುಕುವುದು ತಾವೇ ಹೊರಡಿಸಿದ ಸದ್ದಿನ ಮರುದನಿ ಕೇಳಿ. ತೋಟದಲ್ಲಿ ಹಣ್ಣಡಕೆ ಚೀಪಿ ಬೀಳಿಸುವ ದೊಡ್ಡ ಬಾವಲಿ ಹಾಗಲ್ಲ, ಅದು ಕಣ್ಣು ಮತ್ತು ಮೂಗನ್ನು ನಂಬಿದ ಪ್ರಾಣಿ, ಅದರ ಕಣ್ಣು ದೊಡ್ಡದು. ಮನೆಯ ಮೂಲೆಯಲ್ಲಿ ಚಿಕ್‌ಚಿಕ್ ಅನ್ನುತ್ತಾ ಗೋಡೆ ಹಿಡಿದು ಓಡುವ ಸೊಂಡಿಲಿಯ ಕಣ್ಣೂ ತೀರಾ ಸಣ್ಣದು, ಅದರ ಕೆಲಸ ಮೂಗು-ಮೀಸೆಯಿಂದ ನಡೆಯುತ್ತದೆ. ಹಾಗಾಗಿ ಹೀಗೆ ಬರೆದುಕೊಳ್ಳಿ: ತುಂಬ ದೊಡ್ಡ ಕಣ್ಣು, ಕತ್ತಲೆಯಲ್ಲೂ ಕಣ್ಣನ್ನೇ ನಂಬಿದ ಪ್ರಾಣಿ. ತುಂಬ ಸಣ್ಣ ಕಣ್ಣು, ಬೇರೆ ಇಂದ್ರಿಯವನ್ನು ನಂಬಿದ ಪ್ರಾಣಿ.

ಟಾರ್ಚು ಹಿಡಿಯುವ ಕ್ರಮ

ಇದು ಎಲ್ಲರಿಗೂ ಇಷ್ಟವಾಗುವ ಭಾಗ, ಎಲ್ಲರೂ ತಪ್ಪು ಮಾಡುವ ಭಾಗವೂ ಇದೇ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಏನೂ ಕಾಣಿಸುವುದಿಲ್ಲ. ಕಿವಿಯ ಪಕ್ಕ, ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಹೆಡ್‌ಲೈಟ್ ಆದರೆ ಇನ್ನೂ ಒಳ್ಳೆಯದು. ಯಾಕೆಂದರೆ ಆ ಹೊಳಪು ಬೆಳಕು ಬಂದ ದಾರಿಯಲ್ಲೇ ವಾಪಸು ಬರುತ್ತದೆ.

ವಾಪಸು ಕಳಿಸುವುದು ಕಣ್ಣಿನ ಹಿಂಬದಿಯಲ್ಲಿರುವ ಕನ್ನಡಿಯಂಥ ಒಂದು ಪದರ, ಹೆಸರು ಟಪೀಟಮ್. ಕಣ್ಣಿನೊಳಗೆ ಬಂದ ಬೆಳಕನ್ನು ಮೊದಲ ಸಲ ಹಿಡಿಯದೆ ಬಿಟ್ಟರೆ ಇನ್ನೊಂದು ಸಲ ಹಿಡಿಯಲು ಅವಕಾಶ ಕೊಡುತ್ತದೆ. ಬೆಕ್ಕು, ನಾಯಿ, ದನ, ಆಡು, ಕಬ್ಬೆಕ್ಕು, ಕಾಡುಪಾಪ, ಮೊಸಳೆ ಎಲ್ಲದಕ್ಕೂ ಇದೆ. ನಮಗಿಲ್ಲ, ಮಂಗನಿಗಿಲ್ಲ, ಅಳಿಲಿಗಿಲ್ಲ. ಫೋಟೋದಲ್ಲಿ ನಮ್ಮ ಕಣ್ಣು ಕೆಂಪಾಗಿ ಬರುವುದು ಕಣ್ಣಿನ ಹಿಂದಿನ ರಕ್ತದ ಬಣ್ಣ, ಅದು ಬೇರೆ.

ಹೊಳಪಿನ ಬಣ್ಣ ನೋಡಿ ಇದು ಇಂಥದ್ದೇ ಅಂತ ಪಟ್ಟು ಹಿಡಿಯಬೇಡಿ, ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಆದರೂ ಅಂದಾಜಿಗೆ, ದನದ್ದು ನೀಲಿ-ಹಸಿರು, ಬೆಕ್ಕಿನದ್ದು ಹಸಿರು-ಹಳದಿ, ಕಬ್ಬೆಕ್ಕಿನದ್ದೂ ಕಾಡುಪಾಪನದ್ದೂ ಕಿತ್ತಳೆ-ಕೆಂಪು. ಹುಲ್ಲಿನಲ್ಲಿ ಇಬ್ಬನಿಯ ಹಾಗೆ ಮಿನುಗುವವು ನೆಲದ ಮೇಲೆ ಓಡಾಡಿ ಬೇಟೆಯಾಡುವ ಜೇಡಗಳು, ಅವಕ್ಕೂ ಈ ಕನ್ನಡಿ ಇದೆ. ಹತ್ತಿರ ಹೋಗಿ ನೋಡಿ, ಒಂದು ಚುಕ್ಕಿ ನಡೆದುಕೊಂಡು ಹೋಗುತ್ತದೆ. ಪದವಿನ, ಅಂದರೆ ಗುಡ್ಡೆಯ ಮೇಲಿನ ಬಯಲಿನ, ಮುರಕಲ್ಲು ದಾರಿಯಲ್ಲಿ ರಾತ್ರಿ ಬೈಕಿನಲ್ಲಿ ಬರುವಾಗ ನಡುರಸ್ತೆಯಲ್ಲಿ ಒಂದೇ ಒಂದು ಕೆಂಡ ಕಂಡು, ಹತ್ತಿರ ಬಂದಾಗ ಸದ್ದಿಲ್ಲದೆ ಹಾರಿಹೋದರೆ ಅದು ನತ್ತಿಂಗ ಹಕ್ಕಿ. ಹಕ್ಕಿಗಳಲ್ಲಿ ಇಂಥ ಪದರ ಅಪರೂಪ, ಅದಕ್ಕಿದೆ. ದಯಮಾಡಿ ಅಲ್ಲಿ ಸ್ಪೀಡು ಕಡಿಮೆ ಮಾಡಿ, ಬೆಳಕು ಕಣ್ಣಿಗೆ ಬಿದ್ದಾಗ ಅದು ಏಳುವುದು ತಡ.

ತೋಟದವರು ಇದನ್ನು ತಪ್ಪದೆ ನೆನಪಿಟ್ಟುಕೊಳ್ಳಿ: ಹಂದಿಗಳಿಗೆ ಈ ಪದರ ಇಲ್ಲ. ಟಾರ್ಚು ಆಡಿಸಿದೆ, ಕಣ್ಣು ಹೊಳೆಯಲಿಲ್ಲ, ಏನೂ ಇಲ್ಲ ಅಂತ ನುಗ್ಗಬೇಡಿ. ಕಾಡುಹಂದಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ನಿಮಗೆ ಕಣ್ಣು ಹೊಳೆದು ಕಾಣುವುದಿಲ್ಲ. ಕಾಲಿನ ಸದ್ದು ಮಾಡುತ್ತಾ, ಮಾತಾಡುತ್ತಾ ಹೋಗಿ. ಅಷ್ಟಕ್ಕೂ ಕಾಡುಹಂದಿ ಕಣ್ಣಿನ ಲೆಕ್ಕದಲ್ಲಿ ರಾತ್ರಿಯದ್ದೇ ಆಗಬೇಕಿಲ್ಲ, ಮನುಷ್ಯರ ಕಾಟ ಇಲ್ಲದ ಕಡೆ ಹಗಲೂ ತಿರುಗುತ್ತದೆ. ಜನ ಇರುವಲ್ಲಿ ರಾತ್ರಿಗೆ ಸರಿಯುತ್ತದೆ. ಕಣ್ಣು ಹೇಳುವುದು ಲಕ್ಷಾಂತರ ವರ್ಷಗಳ ಅಭ್ಯಾಸವನ್ನು, ಈಚೆಗೆ ಬದಲಾದ ಅಭ್ಯಾಸ ಅದರಲ್ಲಿ ಕಾಣಿಸುವುದಿಲ್ಲ.

ಬೆಳಕು ಒಂದೆರಡು ಕ್ಷಣ ಹಾಕಿ ತೆಗೆಯಿರಿ. ಕತ್ತಲೆಗೆ ಪೂರ್ತಿ ಒಗ್ಗಲು ನಮ್ಮ ಕಣ್ಣಿಗೇ 20ರಿಂದ 30 ನಿಮಿಷ ಬೇಕು. ಕಾಡುಪಾಪನ ಕಣ್ಣಿಗೆ ಜೋರು ಬೆಳಕು ಬಿಟ್ಟು ವಿಡಿಯೋ ಮಾಡುತ್ತಾ ನಿಂತರೆ ಅದು ಕೊಂಬೆ ಹಿಡಿಯಲೂ ತಡವರಿಸುತ್ತದೆ. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಳ್ಳಿ, ತೊಂದರೆ ಕಡಿಮೆ. ಕಾಡುಪಾಪನನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದರ ಕಣ್ಣಿನಿಂದ ಮದ್ದು ಮಾಡುತ್ತಾರೆ ಎಂಬ ಮೂಢನಂಬಿಕೆಗೆ ಎಷ್ಟು ಪಾಪದ ಜೀವಗಳು ಹೋಗಿವೆಯೋ. ಯಾರಾದರೂ ಹಾಗೆ ಹೇಳಿದರೆ ಅಲ್ಲೇ ತಡೆಯಿರಿ.

ಹಾವಿನ ವಿಷಯಕ್ಕೆ ಮಾತ್ರ ಈ ಆಟ ಬೇಡ

ಎರಡು ವರ್ಷದ ಹಿಂದೆ ಮಳೆ ಶುರುವಾದ ಹೊತ್ತು. ಅಂಗಳದ ಮೂಲೆಯಲ್ಲಿದ್ದ ಗೋಣಿಚೀಲ ಎತ್ತಿದಾಗ ಕಪ್ಪು ಮೈ, ಬಿಳಿ ಪಟ್ಟೆಯ ಹಾವು ಸುರುಳಿ ಸುತ್ತಿಕೊಂಡಿತ್ತು. ಜೊತೆಯಲ್ಲಿದ್ದವರೊಬ್ಬರು ಬಗ್ಗಿ ನೋಡಿ "ಗುಂಡು ಕಣ್ಣು, ವಿಷ ಇಲ್ಲ, ಬಾಲ ಹಿಡಿದು ಎಸೆಯುವ" ಅಂದರು. ನಾನೂ ಕೈ ಮುಂದೆ ಚಾಚಿದೆ. ಅಷ್ಟರಲ್ಲಿ ಕೆಲಸಕ್ಕೆ ಬಂದಿದ್ದ ಅಜ್ಜ "ವೆಳ್ಳಿಕ್ಕೆಟ್ಟನ್!" ಅಂತ ಕೂಗಿ ನನ್ನ ರಟ್ಟೆ ಹಿಡಿದು ಎಳೆದರು. ಕಟ್ಟುಹಾವು. ಭಾರತದ ಅತಿ ವಿಷದ ಹಾವುಗಳಲ್ಲಿ ಒಂದು, ರಾತ್ರಿ ತಿರುಗುವಂಥದ್ದು, ಪಾಪೆ ಗುಂಡಗೆ. ಆ ಅಜ್ಜ ಅವತ್ತು ಇಲ್ಲದಿದ್ದರೆ ಅಂತ ಈಗಲೂ ನೆನೆಯುತ್ತೇನೆ.

ನಾಗರ ಹಾವಿನ ಪಾಪೆಯೂ ಗುಂಡು. ಕೇರೆ ಹಾವಿನದ್ದೂ ಗುಂಡು, ಅದಕ್ಕೆ ವಿಷ ಇಲ್ಲ, ಅದು ಹಗಲಿನದ್ದು. ಕೊಳಕುಮಂಡಲದ್ದು ನೆಟ್ಟಗಿನ ಸೀಳು, ವಿಷ ಭಯಂಕರ. ಹೆಬ್ಬಾವಿನದ್ದೂ ಸೀಳು, ವಿಷ ಇಲ್ಲ. ಪಾಪೆಯಿಂದ ವಿಷ ಹೇಳುವ ಲೆಕ್ಕ ನಮ್ಮ ದೇಶದಲ್ಲಿ ನಡೆಯುವುದೇ ಇಲ್ಲ. ಮತ್ತೆ, ಹಾವಿನ ಪಾಪೆ ಕಾಣುವಷ್ಟು ಹತ್ತಿರ ಹೋಗಿದ್ದೀರಿ ಅಂದರೆ ಜಾಸ್ತಿಯೇ ಹತ್ತಿರ ಹೋಗಿದ್ದೀರಿ. ಹಾವಿನ ಕಣ್ಣನ್ನು ಫೋಟೋದಲ್ಲಿ ಮಾತ್ರ ನೋಡಿ. ಮನೆಗೆ ಹಾವು ಬಂದರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್ ಇದೆ, ತರಬೇತಿ ಪಡೆದವರು ಬರುತ್ತಾರೆ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಏನೂ ಮಾಡದೆ ನೇರ ಆಸ್ಪತ್ರೆಗೆ. ಕಟ್ಟುಹಾವು ಕಚ್ಚಿದರೆ ನೋವೇ ಇಲ್ಲದಿರಬಹುದು, ನೋವಿಲ್ಲ ಅಂತ ಕೂರಬೇಡಿ.

ಫೋಟೋದಲ್ಲಿ ನೋಡಲೇಬೇಕಾದ ಒಂದು ಹಾವು ಹಸಿರು ಹಾವು. ಕಣ್ಣಿಗೇ ಕುಕ್ಕುತ್ತದೆ ಅಂತ ಜನ ಸುಮ್ನೆ ಹೆದರಿ ಹೊಡೆದು ಕೊಲ್ಲುವ ಬಡಪಾಯಿ. ಅದರ ಪಾಪೆ ಅಡ್ಡಕ್ಕೆ, ಬೀಗದ ಕೈ ತೂತಿನ ಆಕಾರ. ಮೂತಿಯ ಎರಡೂ ಬದಿಯಲ್ಲಿ ಕಣ್ಣಿನಿಂದ ಮುಂದಕ್ಕೆ ಒಂದು ಚರಂಡಿಯಂಥ ಗೆರೆ, ಆ ಗೆರೆಯ ಗುಂಟ ಎರಡು ಕಣ್ಣೂ ಒಂದೇ ಗುರಿಯನ್ನು ನೋಡಬಲ್ಲವು. ಹಗಲಿನ ಬೇಟೆಗಾರ, ಓತಿ ಹಿಡಿಯುವುದರಲ್ಲಿ ನಿಪುಣ. ಅಡ್ಡ ಪಾಪೆ ಅಂದರೆ ಹುಲ್ಲು ತಿನ್ನುವ ಪ್ರಾಣಿ ಅಂತ ಆಡಿನ ಹತ್ತಿರ ಕಲಿತೆವಲ್ಲ, ಇಲ್ಲಿ ಅದು ತಪ್ಪಿತು. ಮುಂಗುಸಿಯಲ್ಲೂ ತಪ್ಪುತ್ತದೆ, ಅದರದ್ದೂ ಅಡ್ಡ ಪಾಪೆ, ಅದೂ ಬೇಟೆಗಾರನೇ. ಕಪ್ಪೆಗಳಲ್ಲಂತೂ ರಾತ್ರಿ ಕೂಗುವ ಎಷ್ಟೋ ಜಾತಿಗಳಿಗೆ ಅಡ್ಡ ಪಾಪೆ ಇದೆ, ಘಟ್ಟದ ತೊರೆಗಳ ರಾತ್ರಿಗಪ್ಪೆಗಳಿಗೆ ವಜ್ರದ ಆಕಾರದ ಪಾಪೆ. ಕಪ್ಪೆಗಳನ್ನು ಬೇರೆ ಪುಟದಲ್ಲಿ ಬರೆಯಿರಿ, ಉಳಿದವುಗಳ ಜೊತೆ ಬೆರೆಸಬೇಡಿ.

ನೋಟ್‌ಬುಕ್ಕಿನಲ್ಲಿ ಬರೆಯುವುದು

ಒಂದು ಪ್ರಾಣಿಗೆ ಒಂದು ಪುಟ ಬಿಡಿ. ನೋಡಿದ ಹೊತ್ತು, ಬೆಳಕು ಎಷ್ಟಿತ್ತು, ಪಾಪೆಯ ಚಿತ್ರ (ಪೆನ್ಸಿಲಿನಲ್ಲಿ ಬಿಡಿಸಿ, ಫೋಟೋಗಿಂತ ಅದೇ ನೆನಪಿನಲ್ಲಿ ಉಳಿಯುತ್ತದೆ), ಕಣ್ಣು ಮುಂದಕ್ಕೋ ಬದಿಗೋ, ತಲೆಗೆ ಹೋಲಿಸಿದರೆ ಎಷ್ಟು ದೊಡ್ಡದು, ಟಾರ್ಚಿಗೆ ಹೊಳೆಯಿತೋ ಇಲ್ಲವೋ. ಇಷ್ಟು ಬರೆದ ಮೇಲೆ ನಿಮ್ಮ ಊಹೆ: ಹಗಲು, ರಾತ್ರಿ, ಎರಡೂ, ಇಲ್ಲವೇ ಮುಸ್ಸಂಜೆ-ನಸುಕು. ಊಹೆಯ ಪಕ್ಕ ಖಾಲಿ ಜಾಗ ಬಿಡಿ. ಆಮೇಲೆ ಆ ಪ್ರಾಣಿ ನಿಜವಾಗಿ ಯಾವ ಹೊತ್ತಿಗೆ ಮೇಯುವುದು, ಬೇಟೆಯಾಡುವುದು ಕಣ್ಣಾರೆ ಕಂಡಾಗ ಅಲ್ಲಿ ತುಂಬಿಸಿ.

ಕೋಳಿಯಿಂದ ಹಿಡಿದು ಬರೆದರೆ ಮಕ್ಕಳಿಗೆ ಸುಲಭ. ಗುಂಡು ಪಾಪೆ, ಹೊಳಪಿಲ್ಲ, ಸಂಜೆ ಕತ್ತಲಾಗುವ ಮೊದಲೇ ಗೂಡು ಸೇರುತ್ತದೆ, ಇರುಳು ಅದನ್ನು ಕೈಯಲ್ಲಿ ಎತ್ತಿಕೊಂಡರೂ ಓಡುವುದಿಲ್ಲ. ಆಮೇಲೆ ಅಳಿಲು, ಬೆಕ್ಕು, ಹಲ್ಲಿ, ನಾಯಿ, ಆಡು, ದನ. ಆಮೇಲೆ ತೋಟದ ಕಡೆ ಹೋಗಿ.

ನಮ್ಮ ನೋಟ್‌ಬುಕ್ಕಿನಲ್ಲಿ ಈಗ ಇಪ್ಪತ್ತಮೂರು ಪುಟ ತುಂಬಿದೆ, ಊಹೆ ಏಳರಲ್ಲಿ ತಪ್ಪಿದೆ. ತಪ್ಪಿದ ಏಳರಲ್ಲಿ ಐದು, ಪಾಪೆ ಒಂದನ್ನೇ ನೋಡಿ ಬರೆದವು. ಹಲಸಿನ ಮರದ ಕೆಂಡದ ಜೋಡಿಯ ಪುಟ ಇನ್ನೂ ಅರ್ಧ ಖಾಲಿ ಇದೆ. ಕಬ್ಬೆಕ್ಕು ಅಂತ ನಾನು, ಕಾಡುಪಾಪ ಅಂತ ಅಣ್ಣನ ಮಗಳು. ಹಲಸು ಹಣ್ಣಾಗುವ ಸಮಯಕ್ಕೆ ಅವಳು ಮತ್ತೆ ಬರುತ್ತಾಳೆ, ಕೆಂಪು ಕಾಗದ ಕಟ್ಟಿದ ಟಾರ್ಚು ಚಾರ್ಜ್ ಮಾಡಿ ಇಟ್ಟಿದ್ದೇನೆ.